ಹನ್ನೊಂದು ತಿಂಗಳು, ಹನ್ನೆರಡು ಪಾಠ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಮೇಷ್ಟ್ರದ್ದಲ್ಲ. ಅದನ್ನು ಅವರ ತಲೆಗೆ ಕಟ್ಟಲು ನಾನೇನು ಕಡಿಮೆ ಒದ್ದಾಡಲಿಲ್ಲ. ಅವರ ಮನೆ ಬಾಗಿಲಿಗೇ ಹೋಗಿ, ಅಕ್ಕಪಕ್ಕದವರು ಕಿಟಕಿ ತೆರೆದು ನೋಡುವ ಹಾಗೆ ಕೂಗಾಡಿ ಬಂದೆ. ಏನು ಬಂತು? ಅವರು ಆಡಿದ ಒಂದೇ ಮಾತಿಗೆ ನನ್ನ ಬಾಯಿ ಕಟ್ಟಿತು. ಆ ಮಾತನ್ನು ಅದರ ಜಾಗ ಬಂದಾಗ ಹೇಳುತ್ತೇನೆ. ಈಗಲೇ ಹೇಳಿದರೆ ನಿಮಗೆ ನನ್ನ ಮೇಲೆ ಸಿಟ್ಟು ಬಂದು ಇಲ್ಲಿಂದಲೇ ಎದ್ದು ಹೋಗುತ್ತೀರಿ.

ನಾನು ಕಟಿಂಗ್ ಮಾಸ್ಟರ್. ಶಾಲೆ ಮಕ್ಕಳ, ನರ್ಸುಗಳ, ಕಾವಲುಗಾರರ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದೇನೆ. ಹೊಲಿಯುವವರು ಬೇರೆ. ಉದ್ದನೆಯ ಮೇಜಿನ ಮೇಲೆ ಇಪ್ಪತ್ತು ಪದರ ಬಟ್ಟೆ ಹಾಸಿ, ಕಾಗದದ ಅಚ್ಚು ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಹಾಕುವುದಷ್ಟೇ ನನ್ನ ಕೆಲಸ. ಸೇರಿದ ಹೊಸದರಲ್ಲಿ ಅವಸರ ಮಾಡಿ ಇಪ್ಪತ್ತು ಅಂಗಿಗೆ ಎರಡೂ ತೋಳು ಎಡಗಡೆಯವೇ ಕತ್ತರಿಸಿಟ್ಟಿದ್ದೆ. ಯಜಮಾನರು ಒಂದು ಮಾತೂ ಬಯ್ಯಲಿಲ್ಲ. ಆ ಎಡತೋಳುಗಳನ್ನೆಲ್ಲ ನನ್ನ ಮೇಜಿನ ಎದುರಿನ ಗೋಡೆಗೆ ಮೊಳೆ ಹೊಡೆದು ವರ್ಷವಿಡೀ ನೇತುಹಾಕಿದರು. ಬಯ್ದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅಚ್ಚು ಸಿದ್ಧವಾಗುವವರೆಗೆ ನಾನು ಬಟ್ಟೆಯ ಥಾನು ಬಿಚ್ಚುವುದಕ್ಕೂ ಬಿಡುವುದಿಲ್ಲ. ಬಿಚ್ಚಿದವರ ಕೈ ಮುರಿಯುವ ಹಾಗೆ ನೋಡುತ್ತೇನೆ. ಅಂಗಡಿಯಲ್ಲಿ ನನ್ನ ಬೆನ್ನ ಹಿಂದೆ ಏನೇನು ಹೆಸರಿಟ್ಟಿದ್ದಾರೋ, ನನಗೆ ಬೇಕಿಲ್ಲ.

ಮನೆಯಲ್ಲಿ ನಾನು ಮತ್ತು ಅಕ್ಕ, ಇಬ್ಬರೇ. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು. ಅಂಗಡಿಯಿಂದ ನಾನು ಗಂಟು ಕಟ್ಟಿ ತಂದ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ಕಿಟಕಿ ಪಕ್ಕದ ಮುರುಕು ಕುರ್ಚಿ ಅವಳ ಕಾರ್ಖಾನೆ. ನಮ್ಮಿಬ್ಬರಿಗೂ ಮದುವೆಯಾಗಲಿಲ್ಲ. ನನ್ನದಕ್ಕೆ ಕಾರಣ ನನ್ನ ಮೂಗಿನ ತುದಿಯ ಸಿಟ್ಟು. ಅವಳದಕ್ಕೆ ಕಾರಣ ಹನ್ನೊಂದು ತಿಂಗಳು.

ನನಗಾಗ ಒಂಬತ್ತು ವರ್ಷ, ಅವಳಿಗೆ ಹತ್ತೊಂಬತ್ತು. ಒಂದು ಸಂಜೆ ಶಾಲೆಯಿಂದ ಬಂದರೆ ಅಕ್ಕ ಮನೆಯಲ್ಲಿರಲಿಲ್ಲ. ಎಲ್ಲಿ ಅಂತ ಕೇಳಿದರೆ ಅಮ್ಮ ಒಲೆಯ ಕಡೆ ತಿರುಗಿಕೊಂಡಳು. "ಆ ವಿಷಯ ಈ ಮನೇಲಿ ಯಾರೂ ಎತ್ಬಾರ್ದು" ಅಂದರು ಅಪ್ಪ. ಅಲ್ಲಿಗೆ ಮುಗಿಯಿತು. ಹನ್ನೊಂದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಾಗಿಲು ತಳ್ಳಿಕೊಂಡು ತಾನಾಗಿ ಬಂದಳು. ಸೊಂಟದವರೆಗಿದ್ದ ಕೂದಲು ಕಿವಿಯ ಮಟ್ಟಕ್ಕೆ ಬಂದಿತ್ತು. ಕಾಲಲ್ಲಿ ಗಂಡಸರ ಬೂಟು, ಅದೂ ಎರಡು ಅಳತೆ ದೊಡ್ಡದು. ಹೋಗುವಾಗ ಸೂಜಿಗೆ ದಾರ ಪೋಣಿಸಲು ಬಾರದಿದ್ದವಳು, ಬರುವಾಗ ಕಣ್ಣು ಮುಚ್ಚಿಕೊಂಡು ಕಾಜಾ ಹಾಕುವಷ್ಟು ಪಳಗಿದ್ದಳು. ಎರಡು ದಿನ ಮಲಗಿದಲ್ಲಿಂದ ಏಳಲಿಲ್ಲ. ಮೂರನೆಯ ದಿನ ಎದ್ದು ನನ್ನ ತಲೆ ಬಾಚಿ ಶಾಲೆಗೆ ಕಳಿಸಿದಳು. ಎಲ್ಲಿ ಹೋಗಿದ್ದಳು, ಯಾಕೆ ಹೋಗಿದ್ದಳು, ಯಾಕೆ ಬಂದಳು, ಯಾರೂ ಕೇಳಲಿಲ್ಲ. ಬೀದಿಯವರು ಮಾತ್ರ ತಮ್ಮ ತಮ್ಮಲ್ಲೇ ಪಿಸುಗುಟ್ಟಿಕೊಂಡು, ಅವಳನ್ನು ನೋಡಲು ಬಂದ ಗಂಡಿನವರ ಕಿವಿಗೆಲ್ಲ ಅದನ್ನು ಮುಟ್ಟಿಸಿದರು.

ನಲವತ್ತೈದು ವರ್ಷ ಅದು ನನ್ನ ತಲೆಯೊಳಗೆ ಕೊರೆಯುತ್ತಲೇ ಇತ್ತು. ಹೋದ ವರ್ಷ ಅಂಗಡಿಯ ಹತ್ತಿರದ ವಿದ್ಯುತ್ ಕಂಬದ ಮೇಲೆ ಒಂದು ಕಾಗದ ಅಂಟಿಸಿದ್ದರು. 'ಮೊದಲ ಕಾದಂಬರಿ ಬರೆಯುವ ಮೊದಲು: ಹನ್ನೆರಡು ಭಾನುವಾರ, ಹನ್ನೆರಡು ಪಾಠ.' ಅದನ್ನು ಓದಿದ ಕೂಡಲೇ ನನಗೆ ಹೊಳೆದದ್ದು ಇದೊಂದೇ. ಬರೆದರೆ ಅಕ್ಕನ ಹನ್ನೊಂದು ತಿಂಗಳನ್ನು ಬರೆಯಬೇಕು.

ಮನೆಗೆ ಬಂದು ಹೆದರುತ್ತಲೇ ಹೇಳಿದೆ. ಅಕ್ಕ ಸೂಜಿ ನಿಲ್ಲಿಸಲಿಲ್ಲ. ಒಂದು ಕಾಜಾ ಪೂರ್ತಿ ಮುಗಿಸಿ, ದಾರ ಹಲ್ಲಲ್ಲಿ ಕಚ್ಚಿ, ಆಮೇಲೆ ನನ್ನ ಕಡೆ ನೋಡಿದಳು.

"ಅಪ್ಪ ಹೋದ್ರು, ಅಮ್ಮ ಹೋದ್ಲು. ಇನ್ನು ಯಾರಿಗೆ ಹೆದರ್ಬೇಕು ನಾನು? ಬರಿ. ನಾನು ಹೇಳ್ತೀನಿ, ನೀನು ಬರಿ. ಆದ್ರೆ ಗಿಡ್ಡಾ, ಸುಳ್ಳು ಬರೀಬೇಡ."

ಗಿಡ್ಡ ಅಂದರೆ ನಾನು. ಐವತ್ತನಾಲ್ಕು ವರ್ಷವಾದರೂ ಅವಳ ಬಾಯಲ್ಲಿ ಅದೇ ಹೆಸರು.

ಟೈಪಿಂಗ್ ಶಾಲೆಯೊಂದರ ಮಹಡಿಯಲ್ಲಿ ತರಗತಿ. ಮುಸುಕು ಹಾಕಿದ ಟೈಪ್‌ರೈಟರುಗಳ ನಡುವೆ ನಾವು ಒಂಬತ್ತು ಜನ ಕೂರುತ್ತಿದ್ದೆವು. ಮೇಷ್ಟ್ರು ಕಡ್ಡಿಯಂತಹ ಮನುಷ್ಯ, ಮಾತು ಮಾತ್ರ ಖಡಕ್. ಅವರ ನಾಲ್ಕು ಕಾದಂಬರಿ ಅಚ್ಚಾಗಿವೆಯಂತೆ, ನಾನು ಓದಿಲ್ಲ. ಕಲಿಯುವುದು ಮುಗಿಯುವವರೆಗೆ ಯಾರ ಪುಸ್ತಕವನ್ನೂ ಮುಟ್ಟುವುದಿಲ್ಲ ಅಂತ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆದರೆ ಬಾಯಿಯವರೆಗೆ ಬರುವುದಿಲ್ಲ.

ಮೊದಲ ದಿನವೇ ಮೇಷ್ಟ್ರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ಹತ್ತನೇ ಪಾಠದವರೆಗೆ ಕಾದಂಬರಿಯ ಒಂದು ಸಾಲೂ ಬರೆಯಬೇಡಿ.

"ಎಲ್ರಿಗೂ ಅವಸರ" ಅಂದರು. "ನಾಳೇನೇ ಮೊದಲನೇ ಅಧ್ಯಾಯ ಶುರು ಮಾಡ್ತೀರಿ, ಮೂರನೇ ಅಧ್ಯಾಯಕ್ಕೆ ಬಂದು ಮುಗ್ಗರಿಸ್ತೀರಿ. ಆಮೇಲೆ ಆ ಹಾಳೆಗಳು ಅಟ್ಟ ಸೇರ್ತವೆ. ಕಥೆ ಯಾರದು, ಯಾರು ಹೇಳ್ತಿದಾರೆ, ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ, ಇಷ್ಟು ಗೊತ್ತಿಲ್ದೆ ಪೆನ್ನು ಹಿಡೀಬೇಡಿ."

ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಕೈಮುಗಿಯೋಣ ಅನ್ನಿಸಿತು. ಇದು ನನ್ನದೇ ಕಸುಬಿನ ಮಾತು. ಅಚ್ಚು ಮೊದಲು, ಕತ್ತರಿ ಆಮೇಲೆ. ಬರೆಯಬಾರದು ಅಂದ ಮೇಲೆ ಅಕ್ಕನ ಹತ್ತಿರ ಈಗಲೇ ಕೇಳಿ ಮಾಡುವುದೇನು? ಅವಳ ಕಥೆ ನನ್ನ ಬಟ್ಟೆ. ಅಚ್ಚಿಲ್ಲದೆ ಥಾನು ಬಿಚ್ಚಿದರೆ ಧೂಳು ಕುಡಿಯುತ್ತದೆ, ಮಡಿಕೆ ತಪ್ಪುತ್ತದೆ. ಹತ್ತು ಪಾಠ ಮುಗಿಯಲಿ, ಕಲಿತು ಸಿದ್ಧನಾಗಿ ಅವಳೆದುರು ಕೂತು ಒಂದೇ ಸಲಕ್ಕೆ, ಒಂದು ನೂಲೂ ಹಾಳಾಗದ ಹಾಗೆ ಕೇಳುತ್ತೇನೆ ಅಂದುಕೊಂಡೆ.

ನಮ್ಮಲ್ಲಿ ಒಬ್ಬಾಕೆ ಬಸ್ ಕಂಡಕ್ಟರ್ ಇದ್ದಳು. ನಾಲ್ಕನೇ ಪಾಠದ ನಡುವೆ ಚೀಲ ಹೆಗಲಿಗೇರಿಸಿ ಎದ್ದಳು. "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಾನು ಬರೀಬೇಕಾಗಿರೋದು ನಮ್ಮತ್ತೆ ಬಗ್ಗೆ. ಸಿಟ್ಟು ಬಿಸಿಬಿಸಿ ಇರೋವಾಗ್ಲೇ ಬರೀಬೇಕು. ನೀವು ಹತ್ತನೇ ಪಾಠ ಮುಗಿಸೋ ಹೊತ್ತಿಗೆ ನಾನೂ ಅತ್ತೆನೂ ರಾಜಿ ಆಗಿಬಿಟ್ರೆ?" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮೇಷ್ಟ್ರೂ ನಕ್ಕು, ಹೋಗಿ ಬನ್ನಿ ತಾಯಿ ಅಂದರು. ನಾನು ಮಾತ್ರ ಪಕ್ಕದವರ ಕಿವಿಯಲ್ಲಿ, ಇವಳೂ ಎರಡು ಎಡತೋಳು ಕತ್ತರಿಸುತ್ತಾಳೆ ನೋಡಿ, ಅಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಮೊನ್ನೆ ಆಕೆ ಬಸ್ಸಿನಲ್ಲಿ ಸಿಕ್ಕಿದ್ದಳು. ಪುಸ್ತಕ ಮುಗಿಯಿತಂತೆ.

ಆ ನಾಲ್ಕನೇ ಪಾಠದ ಭಾನುವಾರವೇ ಅಕ್ಕ ಮೊದಲ ಸಲ ಕರೆದದ್ದು. ನಾನು ಮನೆಗೆ ಬಂದಾಗ ಅವಳ ಮಡಿಲಲ್ಲಿ ಬಟ್ಟೆ ಇರಲಿಲ್ಲ. ಅಂಗಿಗಳ ಗಂಟು ಮೂಲೆಯಲ್ಲಿ ಬಿಚ್ಚದೆ ಕೂತಿತ್ತು. ಕೈ ಖಾಲಿ ಇಟ್ಟುಕೊಂಡು ಕೂತ ಅಕ್ಕನನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

"ಬಾರೋ ಗಿಡ್ಡಾ, ಕೂತ್ಕೋ. ಇವತ್ತು ಹೇಳೋಣ ಅನ್ನಿಸ್ತಿದೆ. ಬೆಳಿಗ್ಗೆಯಿಂದ ಒಂದೊಂದೇ ನೆನಪು ಮಾಡ್ಕೊಂಡಿದೀನಿ."

"ಇವತ್ತು ಬೇಡ ಅಕ್ಕಾ."

"ಯಾಕೆ, ಏನಾಯ್ತು?"

"ಕಥೆನ ಯಾರ ಕಣ್ಣಿಂದ ಹೇಳ್ಬೇಕು ಅನ್ನೋ ಪಾಠ ಇನ್ನೂ ಆಗಿಲ್ಲ. ಅದು ಮುಂದಿನ ವಾರ."

ಅಕ್ಕ ಗೊಳ್ಳೆಂದು ನಕ್ಕಳು. "ಅಯ್ಯೋ ನಿನ್ನ! ನನ್ ಮಾತು ಕೇಳೋಕೆ ನಿಂಗೆ ಪಾಠ ಆಗ್ಬೇಕಾ? ಕಿವಿ ಇದ್ರೆ ಸಾಲ್ದಾ?"

"ನಿಂಗೆ ಗೊತ್ತಾಗಲ್ಲ ಸುಮ್ನಿರು. ಅರ್ಧಂಬರ್ಧ ಕೇಳಿದ್ರೆ ಕೆಟ್ಟುಹೋಗುತ್ತೆ."

"ಸರಿಯಪ್ಪಾ, ಪಂಡಿತರು ಹೇಳಿದ ಮೇಲೆ ಎದುರುಂಟೇ" ಅಂದು ಎದ್ದು, ಮೂಲೆಯ ಗಂಟು ಎಳೆದುಕೊಂಡಳು. ನಗುತ್ತಲೇ ಎಳೆದುಕೊಂಡಳು. ಆದರೆ ಆವತ್ತು ಸಂಜೆಯವರೆಗೆ ಕೂತು ಅವಳು ಹಾಕಿದ್ದು ಮೂರೇ ಮೂರು ಗುಂಡಿ.

ಆರನೇ ಪಾಠ ಪಾತ್ರಗಳದ್ದು. ಮೇಷ್ಟ್ರು ಒಂದೊಂದು ಹಾಳೆ ಕೊಟ್ಟರು, ಅದರಲ್ಲಿ ನಲವತ್ತು ಪ್ರಶ್ನೆ. ನಿಮ್ಮ ಮುಖ್ಯ ಪಾತ್ರ ಎದ್ದ ಕೂಡಲೇ ಏನು ಮಾಡುತ್ತದೆ, ಯಾವ ಸದ್ದಿಗೆ ಬೆಚ್ಚುತ್ತದೆ, ಯಾರನ್ನು ಕ್ಷಮಿಸಿಲ್ಲ, ಏನನ್ನು ಬಚ್ಚಿಟ್ಟಿದೆ. ವಾರದೊಳಗೆ ತುಂಬಿಸಿ ತರಬೇಕು. ನಾನು ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ ಕತ್ತರಿ ಮೇಜಿನ ಮೇಲೆ ಅದನ್ನು ಹರಡಿಕೊಂಡು ತುಂಬಿಸಿದೆ. ಅಕ್ಕನನ್ನು ಕೇಳಲಿಲ್ಲ. ಕೇಳಿದರೆ ಥಾನು ಬಿಚ್ಚಿದ ಹಾಗಲ್ಲವೇ? ಸದ್ಯಕ್ಕೆ ಊಹೆಯಲ್ಲಿ ಬರೆಯೋಣ, ಆಮೇಲೆ ತಿದ್ದೋಣ ಅಂದುಕೊಂಡೆ. ಹದಿನೇಳನೇ ಪ್ರಶ್ನೆ, ಈ ಪಾತ್ರ ಮನೆ ಬಿಟ್ಟದ್ದು ಯಾಕೆ? ಒಬ್ಬ ಗಂಡಸಿಗಾಗಿ ಅಂತ ಬರೆದೆ. ಮರಳಿ ಬಂದದ್ದು ಯಾಕೆ? ಅವನು ಕೈಕೊಟ್ಟದ್ದರಿಂದ. ಏನನ್ನು ಬಚ್ಚಿಟ್ಟಿದೆ? ಒಂದು ಮಗುವನ್ನು. ಬರೆಯುತ್ತಾ ಹೋದ ಹಾಗೆ ರುಚಿ ಹತ್ತಿತು. ಆ ಗಂಡಸಿಗೊಂದು ಮೀಸೆ ಕೊಟ್ಟೆ. ಬಾಡಿಗೆ ಕೋಣೆ ಕೊಟ್ಟೆ. ಮೇಷ್ಟ್ರು ನೋಡಿ, "ಪರವಾಗಿಲ್ವೇ, ಪಾತ್ರ ಉಸಿರಾಡ್ತಿದೆ" ಅಂದರು. ನಾನು ಉಬ್ಬಿಹೋದೆ.

ಹಾಳೆಯನ್ನು ಅಂಗಿಯ ಜೇಬಿನಲ್ಲಿಟ್ಟು ಮರೆತೆ. ಒಗೆಯಲು ಹಾಕುವ ಮೊದಲು ಅಕ್ಕ ಜೇಬು ನೋಡುತ್ತಾಳೆ ಅನ್ನುವುದನ್ನೂ ಮರೆತೆ.

ಅಂಗಡಿಯಿಂದ ಬಂದಾಗ ಅವಳು ಕನ್ನಡಕ ಹಾಕಿಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದಳು. ಹಾಳೆ ಮಡಿಲಲ್ಲಿತ್ತು.

"ಇದನ್ನ ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಅದು ಅಭ್ಯಾಸಕ್ಕೆ ಬರ್ದಿದ್ದು. ನಿನ್ನ ಕೇಳಿದ್ಮೇಲೆ ಎಲ್ಲಾ ಸರಿ ಮಾಡ್ತೀನಿ."

"ಅಲ್ಲ ಕಣೋ, ಪಕ್ಕದ ಕೋಣೆಲೇ ಇದ್ನಲ್ಲೋ ನಾನು. ಬಾಗಿಲು ಕೂಡ ಹಾಕಿರಲ್ಲ. ಒಂದು ಮಾತು ಕೇಳಿದ್ರೆ ನಿನ್ ಬಾಯೇನು ಸವೆದು ಹೋಗ್ತಿತ್ತಾ?"

"ಅಕ್ಕಾ, ಪಾಠದ ಕ್ರಮ ಹಾಗಿದೆ—"

"ಇಡೀ ಬೀದಿ ಅವತ್ತು ಹೀಗೇ ಬರ್ಕೊಂಡಿತ್ತು. ಇದೇ ಗಂಡಸು, ಇದೇ ಮಗು. ಮೀಸೆ ಒಂದಿರ್ಲಿಲ್ಲ, ನೀನು ಸೇರಿಸಿದೀಯ." ಅವಳ ದನಿ ಏರಲಿಲ್ಲ. "ಅಪ್ಪ ಅಮ್ಮನೂ ಹೀಗೇ ಅನ್ಕೊಂಡೇ ಸತ್ರು. ನೀನು ಆಗ ಒಂಬತ್ತು ವರ್ಷದ ಹುಡುಗ. ನೀನೊಬ್ಬ ಏನೂ ಅನ್ಕೊಂಡಿಲ್ಲ, ನಿಂಗೊಬ್ಬನಿಗಾದ್ರೂ ಹೇಳ್ಬೋದು ಅಂತ ಇಷ್ಟು ವರ್ಷ ಇಟ್ಕೊಂಡಿದ್ದೆ ಕಣೋ."

ಅಲ್ಲೇ ಅವಳ ಕಾಲ ಹತ್ತಿರ ಕೂತು, ತಪ್ಪಾಯಿತು, ಈಗ ಹೇಳು ಅನ್ನಬೇಕಿತ್ತು. ಅನ್ನಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದಾಗ ನನಗೆ ಸಿಟ್ಟೇ ಬರುವುದು, ಅದು ನನ್ನ ಹಾಳು ಗುಣ. "ಹಾಗಾದ್ರೆ ಈಗ ಹೇಳ್ಬಿಡು, ಆಗೋಗ್ಲಿ" ಅಂದೆ, ಅಂಗಡಿಯಲ್ಲಿ ಹೊಲಿಯುವವರ ಮೇಲೆ ರೇಗುವ ದನಿಯಲ್ಲಿ.

ಅಕ್ಕ ಹಾಳೆಯನ್ನು ಇದ್ದ ಹಾಗೇ ಮಡಿಸಿ ನನ್ನ ಕೈಗೆ ಕೊಟ್ಟಳು. "ಹೀಗೆ ಬೇಡ. ನಿನ್ ಪಾಠ ಎಲ್ಲಾ ಮುಗೀಲಿ. ಮುಗಿದ ದಿನ ಹೇಳ್ತೀನಿ."

ಎರಡು ದಿನ ಮಾತಿಲ್ಲ. ಮೂರನೆಯ ದಿನ ಚಹಾ ತಂದಿಟ್ಟು, ಆರೋಗುತ್ತೆ ಕುಡಿ ಅಂದಳು. ಎಲ್ಲ ಮೊದಲಿನ ಹಾಗಾಯಿತು ಅಂತ ನಾನು ತಿಳಿದೆ. ಏಳು, ಎಂಟು, ಒಂಬತ್ತು ಮುಗಿದವು. ಹತ್ತನೇ ಪಾಠವೂ ಮುಗಿಯಿತು, ಬೇಕಾದವರು ಇನ್ನು ಬರೆಯಬಹುದು ಅಂದರು ಮೇಷ್ಟ್ರು. ಉಳಿದವರೆಲ್ಲ ಶುರು ಮಾಡಿಯೇಬಿಟ್ಟರು. ನಾನು ಮಾಡಲಿಲ್ಲ. ಇನ್ನೆರಡೇ ಪಾಠ, ಪೂರ್ತಿ ಕಲಿತೇ ಕೇಳೋಣ. ಮುಗಿದ ದಿನ ಅಂತ ಅವಳೇ ಹೇಳಿದ್ದಾಳಲ್ಲ.

ಹನ್ನೆರಡನೇ ಭಾನುವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಅಕ್ಕ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು.

"ಇವತ್ತೊಂದಿನ ಹೋಗ್ಬೇಡ್ವೋ."

"ಕೊನೇ ಪಾಠ ಅಕ್ಕಾ ಇದು. ಕಾದಂಬರಿ ಹೇಗೆ ಮುಗಿಸ್ಬೇಕು ಅನ್ನೋದು. ಇದನ್ನೇ ಬಿಟ್ರೆ ಹೇಗೆ?"

"ಬಲಗೈ ಯಾಕೋ ಜೋಮು ಹಿಡ್ದಂಗಿದೆ. ಸೂಜಿ ಹಿಡಿಯಕ್ಕಾಗ್ತಿಲ್ಲ."

"ನಿನ್ನೆ ಇಡೀ ದಿನ ನೀನು ನರ್ಸುಗಳ ಕೋಟು ಹಿಡ್ಕೊಂಡು ಕೂತಿದ್ದೆ, ಇನ್ನೇನಾಗುತ್ತೆ? ಇವತ್ತು ಸೂಜಿ ಮುಟ್ಬೇಡ, ಮಲಕ್ಕೋ. ಒಂದು ಗಂಟೆಗೆ ಬಂದುಬಿಡ್ತೀನಿ. ಬಂದ್ಮೇಲೆ ಎದುರಿಗೆ ಕೂತು ಪೂರ್ತಿ ಕೇಳ್ತೀನಿ. ಆಣೆ ಬೇಕಾದ್ರೂ ಮಾಡ್ತೀನಿ."

"ಆಣೆ ಎಲ್ಲಾ ಯಾಕೆ, ಹೋಗಿ ಬಾ" ಅಂದಳು. ಅವಳು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು.

ಒಂದು ಗಂಟೆಗೆ ಬಂದೆ. ಒಲೆಯ ಮುಂದೆ ಬಿದ್ದಿದ್ದಳು. ಪಾತ್ರೆಯ ನೀರೆಲ್ಲ ಇಂಗಿ ತಳ ಕಪ್ಪಾಗಿತ್ತು. ಕಣ್ಣು ತೆರೆದೇ ಇತ್ತು, ನನ್ನನ್ನು ಗುರುತಿಸಿದಳು, ಬಾಯಿ ಒಂದು ಕಡೆಗೆ ಎಳೆದಿತ್ತು. ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ನಾನು ಏನೇನು ಕೂಗಿದೆನೋ ನನಗೇ ತಿಳಿಯದು. ಕೈಯಲ್ಲಿದ್ದ ಪಾಠದ ನೋಟ್‌ಪುಸ್ತಕ ಎಲ್ಲೋ ಬಿದ್ದುಹೋಯಿತು. ಪಕ್ಕದ ಮನೆಯವರು ಆಮೇಲೆ ತಂದುಕೊಟ್ಟರು.

ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಮೂರು ವಾರ ಇದ್ದೆವು. ಜೀವ ಉಳಿಯಿತು. ಬಲಗೈ ಬಲಗಾಲು ಸತ್ತವು, ಮಾತು ಹೋಯಿತು. ಡಾಕ್ಟರಮ್ಮ ಸಮಾಧಾನದ ಹೆಂಗಸು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ವಿವರಿಸಿದರು.

"ನೀವು ಹೇಳೋದು ಅವರಿಗೆ ಬಹಳಷ್ಟು ಅರ್ಥ ಆಗುತ್ತೆ. ಹೌದು, ಅಲ್ಲ ಅಂತ ತಲೆ ಆಡಿಸ್ತಾರೆ. ಆದ್ರೆ ಮಾತಾಡೋಕೆ ಹೋದ್ರೆ ಒಂದೇ ಸದ್ದು ಬರುತ್ತೆ. ಕೆಲವು ಸಲ ಅವರಿಗೆ ತಾನು ಸರಿಯಾಗೇ ಮಾತಾಡ್ತಿದೀನಿ ಅಂತಾನೇ ಅನ್ಸುತ್ತೆ."

"ಎಡಗೈಲಿ ಬರೆಸಿದ್ರೆ?"

"ಅಕ್ಷರಾನೂ ಮಿದುಳಲ್ಲಿ ಅದೇ ಜಾಗದಲ್ಲಿತ್ತು" ಅಂದರು. ಆದರೂ ನಾನು ಬಿಡದೆ ಸ್ಲೇಟು ತಂದು ಅವಳ ಎಡಗೈಗೆ ಬಳಪ ಕೊಟ್ಟೆ. ಬರೆದಳು, ಬಹಳ ಕಷ್ಟಪಟ್ಟು ಬರೆದಳು. ಗೆರೆಗಳು ಮಾತ್ರ ಇದ್ದವು.

ಆ ಸಂಜೆಯೇ ನಾನು ಮೇಷ್ಟ್ರ ಮನೆಗೆ ಹೋದದ್ದು. ಅವರು ಬಾಗಿಲು ತೆರೆದರೋ ಇಲ್ಲವೋ ಶುರು ಮಾಡಿದೆ. ನಿಮ್ಮ ನಿಯಮದಿಂದ ನನ್ನ ಮನೆ ಹಾಳಾಯಿತು, ನಿಮ್ಮ ಹನ್ನೆರಡು ಪಾಠಕ್ಕಿಷ್ಟು ಬೆಂಕಿ ಬೀಳ, ನಮ್ಮಕ್ಕ ಕರೆದು ಕರೆದು ಹೇಳಲು ಬಂದಳು, ನಿಮ್ಮ ಮಾತು ಕೇಳಿ ನಾನು ಕಿವಿ ಮುಚ್ಚಿಕೊಂಡೆ. ನನ್ನ ಕೂಗು ನಿಂತ ಮೇಲೆ ಅವರು ಒಳಗೆ ಕರೆದು ನೀರು ಕೊಟ್ಟರು.

"ಬರೀಬೇಡಿ ಅಂದೆ ಮಾಸ್ಟ್ರೇ" ಅಂದರು ಮೆಲ್ಲಗೆ. "ಕೇಳ್ಬೇಡಿ ಅಂದಿದ್ನಾ?"

ಅಷ್ಟೇ ಅವರು ಹೇಳಿದ್ದು. ನೀರಿನ ಲೋಟ ಕೆಳಗಿಟ್ಟು ಬಂದುಬಿಟ್ಟೆ.

ಅಕ್ಕನನ್ನು ಮನೆಗೆ ತಂದ ಮೇಲೆ ಹಗಲು ಹೊತ್ತು ಒಬ್ಬ ಹೆಂಗಸನ್ನು ಅವಳ ಹತ್ತಿರ ಬಿಟ್ಟು ಅಂಗಡಿಗೆ ಹೋಗುತ್ತಿದ್ದೆ. ಬೇಗ ಮುಗಿಸಿ ಬಂದು, ಮೆತ್ತಗೆ ಬೇಯಿಸಿದ ಅನ್ನ ತಿನ್ನಿಸಿ, ದಿಂಬಿಗೆ ಒರಗಿಸಿ ಕೂರಿಸುತ್ತಿದ್ದೆ. ಆಮೇಲೆ ಆ ನಲವತ್ತು ಪ್ರಶ್ನೆಯ ಹಾಳೆ ತೆಗೆಯುತ್ತಿದ್ದೆ. ಹೌದು, ನಾಚಿಕೆಗೆಟ್ಟವನು ನಾನು, ಅದನ್ನೇ ತೆಗೆದೆ. ತಲೆಯಾಡಿಸುತ್ತಾಳಲ್ಲ, ಅಷ್ಟರಿಂದಲೇ ಹೊರತೆಗೆಯೋಣ ಅಂತ.

"ಗಂಡಸಿಗೋಸ್ಕರ ಹೋಗಿದ್ಯಾ ಅಕ್ಕಾ?" ಅಲ್ಲ. "ಮಗು ಆಗಿತ್ತಾ?" ಅಲ್ಲ. ಆ 'ಅಲ್ಲ'ದ ಹೊತ್ತಿಗೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಅಪ್ಪ ಹೊಡೆದ್ರಾ?" ಅಲ್ಲ. "ಜೈಲಲ್ಲಿದ್ಯಾ?" ಅಲ್ಲ. "ಆಸ್ಪತ್ರೇಲಿ?" ಅಲ್ಲ. "ಯಾರಾದ್ರೂ ಕೂಡಿಹಾಕಿದ್ರಾ?" ಅಲ್ಲ. ನಲವತ್ತೂ ಮುಗಿದವು, ನನ್ನ ಒಂದು ಊಹೆಯೂ ನಿಲ್ಲಲಿಲ್ಲ. ಮಾರನೆಯ ದಿನ ಹೊಸದಾಗಿ ಐವತ್ತು ಬರೆದುಕೊಂಡು ಬಂದೆ. ಅದರ ಮಾರನೆಯ ದಿನ ಮತ್ತಷ್ಟು. "ಕೂದಲು ನೀನೇ ಕತ್ತರಿಸ್ಕೊಂಡ್ಯಾ?" ಅಂದಾಗ ಮೊದಲ ಸಲ ಹೌದು ಅಂತ ತಲೆ ಆಡಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಯಾಕೆ ಅಕ್ಕಾ? ಯಾಕೆ?" ಯಾಕೆ ಅನ್ನುವುದಕ್ಕೆ ತಲೆ ಆಡಿಸಲು ಬರುವುದಿಲ್ಲ. ಅವಳ ಎಡಗಣ್ಣಿನಿಂದ ನೀರಿಳಿಯಿತು. ನನಗೆ ಹೊಳೆಯದೇ ಇದ್ದದ್ದನ್ನು ನಾನು ಕೇಳಲಾರೆ, ನಾನು ಕೇಳದೇ ಇದ್ದದ್ದನ್ನು ಅವಳು ಹೇಳಲಾರಳು. ಇದು ತಲೆಗೆ ಇಳಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಹೋದ ಭಾನುವಾರ ಮಧ್ಯಾಹ್ನ ಪ್ರಶ್ನೆಗಳು ಮುಗಿದುಹೋದವು. ನಿಜವಾಗಿ ಮುಗಿದವು, ಕೇಳಲು ಏನೂ ಉಳಿದಿರಲಿಲ್ಲ. ಕಾಗದಗಳನ್ನು ನೆಲಕ್ಕೆ ಬಿಟ್ಟು ಸುಮ್ಮನೆ ಕೂತೆ. ಹೊರಗೆ ಯಾರೋ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು, ಏಣಿ ಸರಿಸುವ ಸದ್ದು ಬರುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ನನ್ನ ಬಾಯಿಂದ ತಾನಾಗಿ ಬಂತು.

"ಅಕ್ಕಾ, ಈಗಲೂ ನಿಂಗೆ ಹೇಳ್ಬೇಕು ಅನ್ಸುತ್ತಾ?"

ಹೌದು ಅಂತ ತಲೆಯಾಡಿಸಿದಳು. ಒಂದು ಸಲವಲ್ಲ, ಮೇಲಿಂದ ಮೇಲೆ ಆಡಿಸಿದಳು. ನಾನು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ.

"ಹೇಳು ಮತ್ತೆ. ಕೂತಿದೀನಿ."

ಅವಳು ಶುರು ಮಾಡಿದಳು. "ದದ್ದ" ಅಂದಳು. "ದದ್ದ, ದದ, ದದ್ದದಾ." ಅವಳ ಬಾಯಲ್ಲಿ ಉಳಿದದ್ದು ಅದೊಂದೇ ಸದ್ದು. ಆದರೆ ಹೇಳುವ ಧಾಟಿ ಮಾತ್ರ ನನ್ನ ಅಕ್ಕನದೇ ಆಗಿತ್ತು. ಮೊದಲು ನಿಧಾನವಾಗಿ, ಎಲ್ಲಿಂದ ಹಿಡಿಯಲಿ ಅನ್ನುವ ಹಾಗೆ. ಆಮೇಲೆ ಯಾರದೋ ಮಾತನ್ನು ಅಣಕಿಸುವ ಹಾಗೆ ದಪ್ಪ ದನಿ ಮಾಡಿದಳು, ಅದಕ್ಕೆ ತಾನು ಕೊಟ್ಟ ಉತ್ತರವನ್ನು ತನ್ನ ದನಿಯಲ್ಲೇ ಹೇಳಿದಳು. ಎಡಗೈಯಿಂದ ಯಾವುದೋ ಬಾಗಿಲು ತೋರಿಸಿದಳು, ಎಷ್ಟು ಎತ್ತರ ಅನ್ನುವುದನ್ನು ತೋರಿಸಿದಳು. ಒಂದು ಕಡೆ ನಗು ತಡೆಯಲಾರದೆ ಕೆಮ್ಮು ಬಂತು, ಬಾಯಿ ಒರೆಸಿ ನೀರು ಕುಡಿಸಿದೆ. ತಾಳು, ಮುಂದೆ ಕೇಳು ಅನ್ನುವ ಹಾಗೆ ನನ್ನ ಕೈ ತಳ್ಳಿದಳು. ಹನ್ನೊಂದು ತಿಂಗಳಲ್ಲಿ ಅಷ್ಟು ನಗುವಂಥದ್ದೂ ಇತ್ತು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ. ನನ್ನ ಒಂದು ಹಾಳೆಯಲ್ಲೂ ನಗು ಇರಲಿಲ್ಲ. ಆಮೇಲೆ ದನಿ ಇಳಿಯಿತು. ಒಂದೇ ಒಂದು ಸದ್ದನ್ನು ಮೂರು ಸಲ ಹೇಳಿ ನಿಲ್ಲಿಸಿದಳು. ಅದು ಯಾರದೋ ಹೆಸರಿರಬೇಕು. ಅಲ್ಲಿ ಅತ್ತಳು. ನಾನು ಬಾಯಿ ಹಾಕಲಿಲ್ಲ. ಸುಣ್ಣ ಹೊಡೆಯುವವರು ಏಣಿ ಮಡಿಸಿ ಹೋದರು. ಅವಳು ಮತ್ತೆ ಶುರು ಮಾಡಿ, ಬಿಸಿಲು ಕಿಟಕಿ ಬಿಡುವವರೆಗೆ ಹೇಳಿದಳು.

ಕೊನೆಗೆ ಒಂದು ಪ್ರಶ್ನೆಯ ಹಾಗೆ ದನಿ ಏರಿಸಿ ನಿಲ್ಲಿಸಿದಳು. ನನ್ನ ಮುಖವನ್ನೇ ನೋಡುತ್ತಾ ಕಾದಳು. ಈಗ ತಿಳಿಯಿತಾ, ನಾನು ಮಾಡಿದ್ದು ತಪ್ಪಾ ಅಂತ ಕೇಳಿದಳೋ, ಬೇರೇನೋ. ಉತ್ತರ ಬೇಕಿತ್ತು ಅವಳಿಗೆ. ಸುಳ್ಳು ಬರೆಯಬೇಡ ಅಂದವಳಿಗೆ ನಾನು ಸುಳ್ಳು ಹೇಳಿದೆ.

"ಗೊತ್ತಾಯ್ತು ಅಕ್ಕಾ" ಅಂದೆ. "ಎಲ್ಲಾ ಗೊತ್ತಾಯ್ತು."

ಅವಳು ದೊಡ್ಡದಾಗಿ ಉಸಿರು ಬಿಟ್ಟು, ನಲವತ್ತೈದು ವರ್ಷ ಹೊತ್ತದ್ದನ್ನು ಇಳಿಸಿದವಳಂತೆ ದಿಂಬಿಗೆ ಒರಗಿದಳು. ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದಳು. ನಾನು ಕೈ ಬಿಡಿಸಿಕೊಳ್ಳದೆ ಅಲ್ಲೇ ಕೂತಿದ್ದೆ. ನನಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ.